ಮೆಣಸಿನಕಾಯಿ ಲೆಕ್ಕದ ಡೇಟಾಬೇಸ್‌ ಖಾಸಗಿ ನೆಟ್‌ವರ್ಕಿಗೆ ಹೋದದ್ದು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಸಂಸ್ಥೆ ಹುಬ್ಬಳ್ಳಿಯದು. ಅದರ ಗಿರಾಕಿಗಳು ಬ್ಯಾಡಗಿ, ಹಾವೇರಿ, ಗದಗ ಕಡೆಯ ದಲಾಲಿ ಅಂಗಡಿಗಳು ಮತ್ತು ಕೋಲ್ಡ್ ಸ್ಟೋರೇಜ್‌ಗಳು. ಹೆಸರುಗಳನ್ನು ಬಿಟ್ಟಿದ್ದೇನೆ. ಅಂಗಡಿಗಳ ವಿವರ, ಐಪಿ ವಿಳಾಸಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳು ನಡೆದ ಹಾಗೇ ಇವೆ. ನಾನು ಹೊರಗಿನಿಂದ ಸಲಹೆಗಾಗಿ ಹೋದವನು. ನಿರ್ಧಾರಗಳು ಸಂಸ್ಥೆಯ ಮಾಲೀಕರದು ಮತ್ತು ಅಲ್ಲಿನ ಮೂವರು ಡೆವಲಪರ್‌ಗಳದು.

ಇದ್ದದ್ದು ಹೇಗೆ

ತಂತ್ರಾಂಶ ಮೊದಲು ಹುಟ್ಟಿದ್ದು ಅಂಗಡಿಯ ಗಲ್ಲೆಯ ಪಕ್ಕದ ಒಂದೇ ಕಂಪ್ಯೂಟರಿಗಾಗಿ. ರೈತ ಚೀಲ ಇಳಿಸಿದಾಗ ಲಾಟ್ ನಂಬರು, ತೂಕ, ಟೆಂಡರಿನಲ್ಲಿ ಬಿದ್ದ ದರ, ಹಮಾಲಿ, ಮುಂಗಡದ ಕಡಿತ, ಕೊನೆಗೆ ರೈತನ ಕೈಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ. ಕೋಲ್ಡ್ ಸ್ಟೋರೇಜ್ ಆದರೆ ಯಾವ ಕೋಣೆ, ಯಾವ ಸಾಲು, ಎಷ್ಟು ಚೀಲ, ಬಾಡಿಗೆ ಎಷ್ಟಾಯಿತು. ಎದುರಿಗೆ ವಿಂಡೋಸ್ ಪ್ರೋಗ್ರಾಂ, ಹಿಂದೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಮೈಕ್ರೋಸಾಫ್ಟಿನ ಉಚಿತ ಡೇಟಾಬೇಸ್. ನಡುವೆ ಏನೂ ಇಲ್ಲ. ಪ್ರೋಗ್ರಾಂ ನೇರವಾಗಿ ಡೇಟಾಬೇಸಿನ ಜೊತೆ ಮಾತಾಡುತ್ತದೆ.

ಕೋವಿಡ್ ಹೊತ್ತಿನಲ್ಲಿ ಅಂಗಡಿ ಮಾಲೀಕರು ಮನೆಯಿಂದಲೇ ಲೆಕ್ಕ ನೋಡಬೇಕು ಎಂದರು. ಸಂಸ್ಥೆ ಡೇಟಾಬೇಸನ್ನು ಅಮೆಜಾನ್ ಕ್ಲೌಡಿನ ಮುಂಬೈ ವಲಯದ ಒಂದು ವಿಂಡೋಸ್ ಯಂತ್ರಕ್ಕೆ ಎತ್ತಿ ಇಟ್ಟಿತು. ಪ್ರೋಗ್ರಾಂ ಬದಲಾಗಲಿಲ್ಲ, ಕಾನ್ಫಿಗ್ ಫೈಲಿನಲ್ಲಿ ಸರ್ವರ್ ವಿಳಾಸ ಮಾತ್ರ ಬದಲಾಯಿತು. ಹಾಗಾಗಬೇಕಾದರೆ ಡೇಟಾಬೇಸಿನ ಬಾಗಿಲಾದ 1433ನೇ ಪೋರ್ಟ್ ಇಡೀ ಜಗತ್ತಿಗೆ ತೆರೆದಿರಲೇಬೇಕು. ತೆರೆದರು. ದೂರದಿಂದ ಯಂತ್ರ ನೋಡಿಕೊಳ್ಳಲು ಆರ್‌ಡಿಪಿಯ 3389 ಕೂಡ ತೆರೆದೇ ಇತ್ತು. ಎಲ್ಲ ಅಂಗಡಿಗಳಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್, ಅದೂ ಪ್ರತಿ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಫೈಲಿನೊಳಗೆ.

ಓದಿ ನಗಬೇಡಿ. ಅಂಗಡಿಯ ಕಂಪ್ಯೂಟರಿನಿಂದ ಕ್ಲೌಡಿಗೆ ಹೋದ ಸಣ್ಣ ವ್ಯಾಪಾರಿ ತಂತ್ರಾಂಶಗಳಲ್ಲಿ ಎಷ್ಟೋ ಹೀಗೇ ಹೋಗಿವೆ. ಹೋದ ದಿನ ಕೆಲಸ ನಡೆಯಿತು, ಆಮೇಲೆ ಯಾರೂ ತಿರುಗಿ ನೋಡಲಿಲ್ಲ.

ದೂರು ಬಂದದ್ದು ನಿಧಾನವಾಯಿತೆಂದು

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರ್. ಜನವರಿಯಿಂದ ಏಪ್ರಿಲ್‌ವರೆಗೆ ಆವಕ ಜೋರು. ಅಂಥ ಒಂದು ಸೋಮವಾರ ಅಂಗಡಿಗಳಿಂದ ಫೋನ್ ಮೇಲೆ ಫೋನ್: ಲಾಗಿನ್ ಆಗುತ್ತಿಲ್ಲ, ಪಟ್ಟಿ ಬರುತ್ತಿಲ್ಲ, ರೈತರು ಕಾಯುತ್ತಿದ್ದಾರೆ. ಮಾಲೀಕರು ನನ್ನನ್ನು ಕರೆದದ್ದು ಯಂತ್ರ ದೊಡ್ಡದು ಮಾಡಬೇಕೋ ಬೇಡವೋ ಎಂದು ಕೇಳಲಿಕ್ಕೆ. ಭದ್ರತೆಯ ಮಾತೇ ಅಲ್ಲಿರಲಿಲ್ಲ.

ಸರ್ವರಿನ ಎರರ್ ಲಾಗ್ (ದೋಷಗಳ ದಾಖಲೆ) ತೆರೆದರೆ ಒಂದೇ ಸಾಲು ಮತ್ತೆ ಮತ್ತೆ: ‘ಎಸ್‌ಎ’ ಹೆಸರಿನ ಬಳಕೆದಾರನ (ಡೇಟಾಬೇಸಿನ ಸರ್ವಾಧಿಕಾರದ ಖಾತೆ) ಲಾಗಿನ್ ವಿಫಲ, ದೋಷ ಸಂಖ್ಯೆ 18456, ಕೊನೆಯಲ್ಲಿ ಬಂದವನ ಐಪಿ. ಯಾವ್ಯಾವುದೋ ದೇಶಗಳ ವಿಳಾಸಗಳು, ಹಗಲು ರಾತ್ರಿ ಬಿಡದೆ. ಪ್ರತಿ ಸಲವೂ ಸರ್ವರ್ ಸಂಪರ್ಕ ತೆರೆದು, ಪಾಸ್‌ವರ್ಡ್ ತಾಳೆ ನೋಡಿ, ಲಾಗ್ ಬರೆದು ಮುಚ್ಚಬೇಕು. ಎಕ್ಸ್‌ಪ್ರೆಸ್ ಆವೃತ್ತಿ ಬಳಸುವ ಮೆಮೊರಿ, ಪ್ರೊಸೆಸರ್‌ಗೆ ಮೊದಲೇ ಮಿತಿ ಇದೆ. ಸೀಸನ್ನಿನ ಕೆಲಸವೂ ಈ ಬಡಿತವೂ ಸೇರಿದಾಗ ಯಂತ್ರ ಕುಸಿಯುತ್ತಿತ್ತು.

ಮಾಲೀಕರು ಸಮಾಧಾನದಿಂದಲೇ ಇದ್ದರು. “ಫೇಲ್ ಆಗ್ಯಾವಲ್ರೀ ಸರ, ಒಳಗ ಯಾರೂ ಬಂದಿಲ್ಲ ಅಂದಂಗಾತಲ್ಲ?”

ಇಲ್ಲೇ ಮೊದಲ ತಿರುವು. ಎಸ್‌ಕ್ಯೂಎಲ್ ಸರ್ವರ್ ತಾನಾಗಿ ಬರೆದಿಡುವುದು ಸೋತ ಲಾಗಿನ್‌ಗಳನ್ನು ಮಾತ್ರ. ಗೆದ್ದವುಗಳನ್ನೂ ಬರೆ ಎಂದು ನಾವು ಹೇಳದಿದ್ದರೆ ಬರೆಯುವುದಿಲ್ಲ. ಅಂದರೆ ಆ ಲಾಗ್‌ನಲ್ಲಿ ಒಳಗೆ ಬರಲಾಗದವರ ಹೆಸರುಗಳಿವೆ. ಒಳಗೆ ಬಂದವನಿದ್ದರೆ ಅವನ ಸುಳಿವೇ ಇರುವುದಿಲ್ಲ. ಮೇಲಾಗಿ ಹಳೆಯ ಲಾಗ್‌ಗಳಲ್ಲಿ ಆರನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅದು ಅಳಿಸುತ್ತದೆ. ಯಂತ್ರ ಪದೇ ಪದೇ ಮರುಚಾಲನೆಯಾದದ್ದರಿಂದ ಕೈಗೆ ಸಿಕ್ಕಿದ್ದು ಕೆಲವೇ ವಾರಗಳದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಲಾಗ್‌ಗಳನ್ನು 180 ದಿನ ಇಡಬೇಕು, ಪಟ್ಟಿಯಲ್ಲಿರುವ ಘಟನೆಗಳನ್ನು ಗಮನಕ್ಕೆ ಬಂದ 6 ತಾಸಿನಲ್ಲಿ ತಿಳಿಸಬೇಕು ಎನ್ನುತ್ತದೆ. ಇಲ್ಲಿ ತಿಳಿಸಲಿಕ್ಕೆ ಏನಾಗಿದೆ ಎಂದು ಹೇಳುವ ಸ್ಥಿತಿಯಲ್ಲೇ ಸಂಸ್ಥೆ ಇರಲಿಲ್ಲ. ಆ ಡೇಟಾಬೇಸಿನಲ್ಲಿ ಇದ್ದದ್ದು ಸಾವಿರಾರು ರೈತರ ಹೆಸರು, ಊರು, ಮೊಬೈಲ್, ಬ್ಯಾಂಕ್ ಖಾತೆ, ಯಾರು ಎಷ್ಟು ಮುಂಗಡ ತಗೊಂಡಿದ್ದಾರೆ ಎಂಬುದು. ಬ್ಯಾಡಗಿ ಸುತ್ತಿನ ಹಳ್ಳಿಗಳಲ್ಲಿ ಆ ಕೊನೆಯ ಅಂಕಣದ ಬೆಲೆ ಏನೆಂದು ವಿವರಿಸಬೇಕಿಲ್ಲ.

ಆದ್ದರಿಂದ ‘ಯಾರೋ ಬಂದಿರಬಹುದು’ ಎಂದುಕೊಂಡೇ ಮುಂದಿನ ಹೆಜ್ಜೆ ಇಡಬೇಕು ಎಂದು ತೀರ್ಮಾನವಾಯಿತು. ಹಳೆಯ ಯಂತ್ರದ ನಕಲು ತೆಗೆದು ಹೊಸ ಜಾಗಕ್ಕೆ ಒಯ್ಯುವುದಲ್ಲ. ಹೊಸ ಯಂತ್ರವನ್ನು ಖಾಲಿಯಿಂದ ಕಟ್ಟಿ, ಟೇಬಲ್ಲುಗಳ ಡೇಟಾ ಮಾತ್ರ ಒಯ್ಯುವುದು. ಕೆಲಸ ದುಪ್ಪಟ್ಟಾಯಿತು. ಆದರೂ ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ನಿರ್ಧಾರ ಇದೇ ಎಂದು ನನ್ನ ಅಭಿಪ್ರಾಯ.

ಸೀಸನ್ನಿನ ನಡುವೆ ಮಾಡಿದ ತೇಪೆಗಳು

“ಈಗ ದೊಡ್ಡದಕ್ಕ ಕೈ ಹಚ್ಚಬ್ಯಾಡ್ರಿ, ಯುಗಾದಿ ದಾಟ್ಲಿ” ಎಂದರು ಮಾಲೀಕರು. ಒಪ್ಪಬೇಕಾದ ಮಾತೇ. ‘ಎಸ್‌ಎ’ ಖಾತೆ ನಿಷ್ಕ್ರಿಯ ಮಾಡಿದರು, 3389 ಮುಚ್ಚಿದರು, ಗೆದ್ದ ಲಾಗಿನ್‌ಗಳೂ ದಾಖಲಾಗುವಂತೆ ಮಾಡಿದರು. ಇವಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಒಬ್ಬ ಡೆವಲಪರ್ ಪೋರ್ಟ್ ನಂಬರು ಬದಲಿಸಿದರೆ ಸಾಕು ಎಂದ. ಬದಲಿಸಿದರು. ಕೆಲವು ದಿನ ಲಾಗ್ ಶಾಂತವಾಗಿತ್ತು, ಆಮೇಲೆ ಮತ್ತೆ ಶುರು. ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡುವ ಸ್ಕ್ಯಾನರ್‌ಗಳಿಗೆ ಹೊಸ ನಂಬರು ಹುಡುಕುವುದು ಕಷ್ಟವಲ್ಲ.

ಮುಂದಿನದು ಐಪಿ ಪಟ್ಟಿ: ಗೊತ್ತಿರುವ ಅಂಗಡಿಗಳ ವಿಳಾಸಗಳಿಗೆ ಮಾತ್ರ ಪ್ರವೇಶ. ಕೇಳಲು ಚೆನ್ನಾಗಿದೆ. ಆದರೆ ಅಂಗಡಿಯ ಬ್ರಾಡ್‌ಬ್ಯಾಂಡಿಗೆ ಸ್ಥಿರ ಐಪಿ ಇಲ್ಲ. ಕೆಲವರದು ಮೊಬೈಲ್ ಡೋಂಗಲ್, ಅಲ್ಲಿ ಒಂದೇ ಹೊರವಿಳಾಸದ ಹಿಂದೆ ಎಷ್ಟೋ ಜನ ಗ್ರಾಹಕರು. ಒಂದು ಗುರುವಾರ ಬೆಳಿಗ್ಗೆ ಯಾರ್ಡಿನಲ್ಲಿ ಕರೆಂಟ್ ಹೋಗಿ ಬಂತು, ರೌಟರ್‌ಗಳು ಮತ್ತೆ ಎದ್ದವು, ಹಲವು ಅಂಗಡಿಗಳ ಐಪಿ ಬದಲಾಯಿತು. ರೈತರ ಪಟ್ಟಿ ನಿಂತಿತು. ಬೈಗುಳ ತಾಳಲಾರದೆ ಹುಬ್ಬಳ್ಳಿಯ ಆಫೀಸಿನಲ್ಲಿ ಯಾರೋ ಸೆಕ್ಯೂರಿಟಿ ಗ್ರೂಪಿಗೆ, ಅಂದರೆ ಯಾರನ್ನು ಒಳಗೆ ಬಿಡಬೇಕೆಂಬ ಕ್ಲೌಡಿನ ನಿಯಮಗಳಿಗೆ, 0.0.0.0/0 (ಎಲ್ಲ ವಿಳಾಸಗಳೂ) ಎಂಬ ನಿಯಮ ಸೇರಿಸಿ, ವಿವರದ ಜಾಗದಲ್ಲಿ ‘ತಾತ್ಕಾಲಿಕ’ ಎಂದು ಬರೆದರು. ಯಾರು ಎಂದು ನಾವು ಕೇಳಲಿಲ್ಲ. ತಿಂಗಳ ನಂತರ ನೋಡಿದಾಗ ಆ ನಿಯಮ ಅಲ್ಲೇ ಇತ್ತು, ಅದರ ಮೇಲೆ ಜೋಡಿಸಿದ ಐಪಿಗಳ ಉದ್ದ ಪಟ್ಟಿಯೂ ಇತ್ತು. ಎಲ್ಲರನ್ನೂ ಬಿಡುವ ಒಂದು ಸಾಲು ಇದ್ದ ಮೇಲೆ ಉಳಿದ ಸಾಲುಗಳಿಗೆ ಅರ್ಥವಿಲ್ಲ.

“ನಾವು ವಿಪಿಸಿ ಒಳಗ ಅದೀವಲ್ರೀ”

ಸೀಸನ್ ಇಳಿದ ಮೇಲೆ ಕೂತಾಗ ಹಿರಿಯ ಡೆವಲಪರ್ ಕನ್ಸೋಲ್ ತೆರೆದು ತೋರಿಸಿದ: ಯಂತ್ರ ವಿಪಿಸಿಯೊಳಗೇ (ಕ್ಲೌಡಿನಲ್ಲಿ ಒಂದು ಖಾತೆಗೆಂದೇ ಬೇರ್ಪಡಿಸಿದ ನೆಟ್‌ವರ್ಕ್) ಇದೆ, 172.31ರಿಂದ ಶುರುವಾಗುವ ಖಾಸಗಿ ವಿಳಾಸವೂ ಇದೆ. ಮತ್ತೆ ಖಾಸಗಿ ನೆಟ್‌ವರ್ಕ್ ಅಂದರೆ ಬೇರೆ ಏನು?

ಅವನು ಹೇಳಿದ್ದು ಸುಳ್ಳಲ್ಲ. 2013ರ ಕೊನೆಯಿಂದ ಅಮೆಜಾನ್ ಪ್ರತಿ ಹೊಸ ಖಾತೆಗೂ ಒಂದು ಡಿಫಾಲ್ಟ್ ವಿಪಿಸಿ ಕೊಡುತ್ತದೆ, ಅದರ ವಿಳಾಸ 172.31.0.0/16. ಆದರೆ ಅದನ್ನು ಕೊಟ್ಟಿರುವುದೇ ಹೊಸಬ ಯಂತ್ರ ಎಬ್ಬಿಸಿದ ಕೂಡಲೇ ಇಂಟರ್ನೆಟ್ ಸಿಗಲಿ ಎಂದು. ಅದರ ಪ್ರತಿ ಸಬ್‌ನೆಟ್ಟಿಗೂ (ನೆಟ್‌ವರ್ಕಿನ ಒಂದು ಭಾಗ) ಇಂಟರ್ನೆಟ್ ಗೇಟ್‌ವೇಗೆ, ಅಂದರೆ ಇಂಟರ್ನೆಟ್ಟಿನ ಬಾಗಿಲಿಗೆ, ದಾರಿ ಇದೆ, ಎದ್ದ ಯಂತ್ರಕ್ಕೆ ತಾನಾಗಿ ಹೊರಗಿನ ಐಪಿ ಸಿಗುತ್ತದೆ. ಸಬ್‌ನೆಟ್ ಖಾಸಗಿಯೋ ಸಾರ್ವಜನಿಕವೋ ಎಂಬುದನ್ನು ನಿರ್ಧರಿಸುವುದು ಅದರ ರೂಟ್ ಟೇಬಲ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಕೋಷ್ಟಕ. ಅಲ್ಲಿ ಇಂಟರ್ನೆಟ್ ಗೇಟ್‌ವೇಯ ಸಾಲು ಇಲ್ಲದಿದ್ದರೆ, ಯಂತ್ರಕ್ಕೆ ಹೊರಗಿನ ಐಪಿ ಇಲ್ಲದಿದ್ದರೆ, ನಾಳೆ ಯಾರೋ ಗಾಬರಿಯಲ್ಲಿ ಸೆಕ್ಯೂರಿಟಿ ಗ್ರೂಪಿಗೆ 0.0.0.0/0 ಹಾಕಿದರೂ ಹೊರಗಿನವರು ಬರಲು ದಾರಿಯೇ ಇಲ್ಲ. ‘ತಾತ್ಕಾಲಿಕ’ ಎಂಬ ಸಾಲಿನ ಕಥೆ ಕೇಳಿದ್ದ ಮಾಲೀಕರಿಗೆ ಈ ಒಂದು ಮಾತು ಸಾಕಾಯಿತು.

ಯಾರ‍್ಯಾರು ಬಂದು ಹೋಗುತ್ತಿದ್ದಾರೆ

ಹೊಸ ನೆಟ್‌ವರ್ಕಿನ ಚಿತ್ರ ಬಿಡಿಸುವುದು ಒಂದು ಮಧ್ಯಾಹ್ನದ ಕೆಲಸ. ನಿಜವಾದ ಕೆಲಸ ಇದ್ದದ್ದು ಬೇರೆ ಕಡೆ: ಈ ಡೇಟಾಬೇಸಿಗೆ ನೇರವಾಗಿ ಬರುತ್ತಿರುವವರು ಯಾರು? ಅಂಗಡಿಗಳು ಮಾತ್ರ ಎಂದು ಎಲ್ಲರೂ ಹೇಳಿದರು. ಹೇಳಿದ್ದನ್ನು ನಂಬದೆ, ವಿಪಿಸಿ ಫ್ಲೋ ಲಾಗ್ ಹಚ್ಚಿ, ಸರ್ವರಿನ ಜೀವಂತ ಸಂಪರ್ಕಗಳ ಪಟ್ಟಿಯನ್ನು ಐದೈದು ನಿಮಿಷಕ್ಕೆ ಒಂದು ಟೇಬಲ್ಲಿಗೆ ಬರೆಸಿದೆವು. ಫ್ಲೋ ಲಾಗ್ ಯಾರು ಯಾವ ಪೋರ್ಟಿಗೆ ಬಂದರು, ಬಿಟ್ಟಿತೋ ತಡೆಯಿತೋ ಎಂದಷ್ಟೇ ಹೇಳುತ್ತದೆ, ಒಳಗಿನ ಮಾತು ಕೇಳಿಸುವುದಿಲ್ಲ. ಎರಡನ್ನೂ ಜೋಡಿಸಿದಾಗ ಪ್ರೋಗ್ರಾಂ ಹೆಸರು, ಕಂಪ್ಯೂಟರ್ ಹೆಸರು ಸಮೇತ ಚಿತ್ರ ಸಿಕ್ಕಿತು.

ಗದಗಿನ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಿಂದ ಎಕ್ಸೆಲ್ ನೇರವಾಗಿ ಡೇಟಾಬೇಸಿಗೆ ಜೋಡಣೆಯಾಗಿತ್ತು. ಜಿಎಸ್‌ಟಿ ರಿಟರ್ನ್‌ಗಾಗಿ ಯಾವಾಗಲೋ ಯಾರೋ ಮಾಡಿಕೊಟ್ಟದ್ದು. ಅವರ ಗಿರಾಕಿ ಎರಡು ಅಂಗಡಿ, ಆದರೆ ಕಾಣುತ್ತಿದ್ದದ್ದು ಎಲ್ಲ ಅಂಗಡಿಗಳ ಲೆಕ್ಕ. ಪಾಪ, ಅವರು ನೋಡಲು ಹೋಗಿರಲಿಕ್ಕಿಲ್ಲ. ಕೆಲಸ ಬಿಟ್ಟು ಬೆಂಗಳೂರು ಸೇರಿದ ಹಳೆಯ ಡೆವಲಪರ್ ಬರೆದಿದ್ದ ಒಂದು ಮೊಬೈಲ್ ರಿಪೋರ್ಟ್ ಇನ್ನೂ ಜೀವಂತವಾಗಿತ್ತು. ಒಂದು ಕೋಲ್ಡ್ ಸ್ಟೋರೇಜ್ ಮಾಲೀಕರು ದಿನಾ ರಾತ್ರಿ ಊಟವಾದ ಮೇಲೆ ಅದರಲ್ಲಿ ಸ್ಟಾಕ್ ನೋಡುತ್ತಿದ್ದರು. ಮೂರನೆಯದು ಎಲ್ಲರಿಗೂ ಆಶ್ಚರ್ಯ ತಂದದ್ದು: ರೈತರಿಗೆ ಹೋಗುವ ಎಸ್‌ಎಂಎಸ್‌ಗಳು ಹೊರಡುತ್ತಿದ್ದದ್ದು ಕ್ಲೌಡಿನಿಂದಲ್ಲ, ಹುಬ್ಬಳ್ಳಿ ಆಫೀಸಿನಲ್ಲಿ ಮೇಜಿನ ಕೆಳಗೆ ಧೂಳು ಹಿಡಿದು ಕೂತಿದ್ದ ಒಂದು ಹಳೆಯ ಡೆಸ್ಕ್‌ಟಾಪಿನಿಂದ. ಮೇಲೆ ‘ಬಂದ್ ಮಾಡಬಾರದು’ ಎಂಬ ಚೀಟಿ. ಏಕೆ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ.

ಈ ಎಣಿಕೆ ಮಾಡದೆ ಬಾಗಿಲು ಮುಚ್ಚಿದ್ದರೆ ಮೊದಲ ರಾತ್ರಿಯೇ ಎಸ್‌ಎಂಎಸ್ ನಿಲ್ಲುತ್ತಿತ್ತು, ಮರುದಿನವೇ ‘ತಾತ್ಕಾಲಿಕ’ ಮತ್ತೆ ಹುಟ್ಟುತ್ತಿತ್ತು. ಒಬ್ಬೊಬ್ಬರ ಬಗ್ಗೆಯೂ ಕೂತು ನಿರ್ಧರಿಸಿದರು. ಲೆಕ್ಕಪರಿಶೋಧಕರಿಗೆ ತಿಂಗಳಿಗೊಮ್ಮೆ ಅವರ ಗಿರಾಕಿಗಳ ಫೈಲ್ ಸಾಕು, ಡೇಟಾಬೇಸ್ ಬೇಡ. ಮೊಬೈಲ್ ರಿಪೋರ್ಟಿನ ಬದಲು ರಾತ್ರಿ ಸ್ಟಾಕಿನ ಸಂದೇಶ. ಎಸ್‌ಎಂಎಸ್ ಕೆಲಸ ಕ್ಲೌಡಿನ ಒಂದು ಸಣ್ಣ ಯಂತ್ರಕ್ಕೆ. ಉಳಿದದ್ದು ಅಂಗಡಿಗಳು.

ಅಂಗಡಿಗಳ ಪ್ರಶ್ನೆಯಲ್ಲಿ ಜಗಳವೇ ಆಯಿತು. ಹಿರಿಯ ಡೆವಲಪರ್‌ಗೆ ನಡುವೆ ಒಂದು ಎಪಿಐ ಬರೆದು ಪ್ರೋಗ್ರಾಂ ಬದಲಿಸಬೇಕೆಂಬ ಹಟ. ಮಾಲೀಕರಿಗೆ ಅದೇಕೆ ಬೇಕೆಂದೇ ತಿಳಿಯಲಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ರೈತ ತಾನೇ ಕೋಣೆಯೊಳಗೆ ಹೋಗಿ ಚೀಲ ಎತ್ತಿಕೊಳ್ಳುವುದಿಲ್ಲ, ಮುಂದಿನ ಕಟ್ಟೆಯಲ್ಲಿ ಚೀಟಿ ಕೊಡುತ್ತಾನೆ, ಒಳಗಿನವರು ತಂದುಕೊಡುತ್ತಾರೆ, ಎಪಿಐ ಅಂದರೆ ಆ ಕಟ್ಟೆ ಎಂದ ಡೆವಲಪರ್. ಮಾಲೀಕರು ಒಪ್ಪಿದರು, ಆದರೆ ಮುಂದಿನ ಸೀಸನ್ನಿನೊಳಗೆ ಅಷ್ಟೆಲ್ಲ ಬರೆದು ಮುಗಿಸಲು ಕೈಗಳಿರಲಿಲ್ಲ. ಕೊನೆಗೆ ಎರಡು ಹಂತ: ಮೊದಲು ಡೇಟಾಬೇಸನ್ನು ಖಾಸಗಿ ಸಬ್‌ನೆಟ್ಟಿಗೆ ಹಾಕಿ ಅಂಗಡಿಗಳಿಗೆ ವೈರ್‌ಗಾರ್ಡ್ ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಗೂಢಲಿಪಿಯ ಖಾಸಗಿ ಸುರಂಗ), ಅದರ ಮುಂದಿನ ವರ್ಷ ಎಪಿಐ.

ವೈರ್‌ಗಾರ್ಡ್ ಆರಿಸಿದ್ದಕ್ಕೆ ಮುಖ್ಯ ಕಾರಣ, ಗುರುತಿನ ಕೀ ಇಲ್ಲದವನು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಸ್ಕ್ಯಾನರಿಗೆ ಅಲ್ಲಿ ಏನೋ ಇದೆ ಎಂದೇ ತಿಳಿಯುವುದಿಲ್ಲ. ಇನ್ನೊಂದು, ಪ್ರತಿ ಕಂಪ್ಯೂಟರಿಗೂ ಬೇರೆ ಕೀ.

ಕಟ್ಟುವಾಗ ಎಡವಿದ ಎರಡು ಕಡೆ

ಮೊದಲ ಪ್ರಯೋಗಕ್ಕೆ ಕಿರಿಯ ಡೆವಲಪರ್ ವಿಪಿಸಿಗೆ 192.168.0.0/16 ಆರಿಸಿದ್ದ. ಖಾಸಗಿ ವಿಳಾಸವೇ, ನಿಯಮಕ್ಕೆ ತಪ್ಪಿಲ್ಲ. ಡೇಟಾಬೇಸ್ ಇದ್ದದ್ದು 192.168.1ರ ಸಬ್‌ನೆಟ್ಟಿನಲ್ಲಿ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ಹೋಗಿ ಒಂದು ಅಂಗಡಿಯಲ್ಲಿ ಹಾಕಿ ನೋಡಿದರೆ, ವಿಪಿಎನ್ ಹಚ್ಚಿದಾಗ ಪ್ರಿಂಟರ್ ಮಾಯ, ವಿಪಿಎನ್ ತೆಗೆದರೆ ಡೇಟಾಬೇಸ್ ಮಾಯ. ಅಂಗಡಿಯ ರೌಟರ್ ಕೂಡ 192.168.1ರಲ್ಲೇ ವಿಳಾಸ ಹಂಚುತ್ತಿತ್ತು. ಎಷ್ಟೋ ಮನೆ ಅಂಗಡಿಗಳ ರೌಟರ್‌ಗಳು ಹಾಗೇ. ಗುಮಾಸ್ತರು ನೋಡಿ, “ಎರಡ್ರಾಗ ಒಂದು ಆರಿಸ್ಕೋ ಅಂತೀರೇನ್ರೀ?” ಎಂದರು. ವಿಪಿಸಿಯ ವಿಳಾಸ ಶ್ರೇಣಿಯನ್ನು ಒಮ್ಮೆ ಕಟ್ಟಿದ ಮೇಲೆ ಬದಲಿಸಲಾಗದು. ಅಳಿಸಿ 10.73.0.0/16 ಎಂದು ಹೊಸದು ಕಟ್ಟಿದರು. ವಿಪಿಎನ್ ಸುರಂಗಕ್ಕೆ 10.74ರ ಶ್ರೇಣಿ. ಯಾರೂ ಸಾಮಾನ್ಯವಾಗಿ ಆರಿಸದ ಸಂಖ್ಯೆ ಎಂಬುದೇ ಅದರ ಅರ್ಹತೆ.

ಇಲ್ಲಿ ಇನ್ನೊಂದು ಸಣ್ಣ ನಿರ್ಧಾರ ಆಮೇಲೆ ಬಹಳ ಉಪಯೋಗಕ್ಕೆ ಬಂತು. ವಿಪಿಎನ್ ಬಂದು ಸೇರುವ ಗೇಟ್‌ವೇ ಯಂತ್ರ ಎಲ್ಲ ಅಂಗಡಿಗಳ ವಿಳಾಸವನ್ನು ಮುಚ್ಚಿ ತನ್ನದೇ ವಿಳಾಸದಿಂದ ಡೇಟಾಬೇಸಿಗೆ ಕಳಿಸಬಹುದು, ಅದೇ ಸುಲಭದ ದಾರಿ. ಹಾಗೆ ಮಾಡದೆ, ಆ ಯಂತ್ರದ ಮೂಲ-ಗಮ್ಯ ತಪಾಸಣೆ (ತನ್ನದಲ್ಲದ ವಿಳಾಸದ ಪ್ಯಾಕೆಟ್‌ಗಳನ್ನು ತಡೆಯುವ ವ್ಯವಸ್ಥೆ) ನಿಲ್ಲಿಸಿ, ಡೇಟಾಬೇಸ್ ಸಬ್‌ನೆಟ್ಟಿನ ರೂಟ್ ಟೇಬಲ್ಲಿಗೆ 10.74ರ ದಾರಿ ಸೇರಿಸಿದರು. ಹೀಗಾಗಿ ಡೇಟಾಬೇಸಿನ ಲಾಗ್‌ನಲ್ಲಿ ಯಾವ ಅಂಗಡಿಯ ಯಾವ ಕಂಪ್ಯೂಟರ್ ಎಂಬುದು ಐಪಿಯಿಂದಲೇ ತಿಳಿಯುತ್ತದೆ. ಗೇಟ್‌ವೇ ದಾಟಿದವರಿಗೆ ಕಾಣುವುದು ಡೇಟಾಬೇಸಿನ ಒಂದೇ ಪೋರ್ಟ್. ಅಂಗಡಿಗೊಂದು ಲಾಗಿನ್, ಅದಕ್ಕೆ ತನ್ನ ಲೆಕ್ಕ ಮಾತ್ರ.

ಹೊರಗಿನ ದಾರಿ ಇಲ್ಲದ ಯಂತ್ರಕ್ಕೆ ಬ್ಯಾಕಪ್ ಕಳಿಸುವುದು ಹೇಗೆ ಎಂಬುದಕ್ಕೆ ಅಮೆಜಾನಿನ ಫೈಲ್ ಸಂಗ್ರಹವಾದ ಎಸ್3ಗೆ ಒಳಗಿಂದೊಳಗೇ ದಾರಿ ಕೊಡುವ ಗೇಟ್‌ವೇ ಎಂಡ್‌ಪಾಯಿಂಟ್ ಸಾಕಾಯಿತು. ಅದಕ್ಕೆ ಬೇರೆ ದುಡ್ಡಿಲ್ಲ. ಖಾಸಗಿ ಯಂತ್ರಕ್ಕೆ ಹೊರಗೆ ಹೋಗಲು ಮಾತ್ರ ದಾರಿ ಕೊಡುವ ನ್ಯಾಟ್ ಗೇಟ್‌ವೇ ಬೇಡವೆಂದರು. ಸುಮ್ಮನೆ ಕೂತರೂ ತಾಸಿನ ಲೆಕ್ಕದಲ್ಲಿ ಬಿಲ್ ಏರುವ ವಸ್ತು ಅದು, ಇಷ್ಟು ಸಣ್ಣ ವ್ಯವಸ್ಥೆಗೆ ಭಾರ.

ಒಂದು ಭಾನುವಾರ ರಾತ್ರಿ ಬೇಡ, ಮಂಗಳವಾರ ರಾತ್ರಿ ಸ್ಥಳಾಂತರ ಮಾಡೋಣ ಎಂದದ್ದು ಮಾಲೀಕರೇ: ಏನಾದರೂ ಕೆಟ್ಟರೆ ಗುರುವಾರದೊಳಗೆ ಒಂದು ಇಡೀ ದಿನ ಕೈಯಲ್ಲಿರುತ್ತದೆ. ಆ ದಿನ ಬೇಕಾಯಿತು.

ಬುಧವಾರ ವಿಚಿತ್ರ ದೂರು. ಲಾಗಿನ್ ಆಗುತ್ತದೆ, ಒಂದು ಪಟ್ಟಿ ಹಾಕಿದರೆ ಬರುತ್ತದೆ, ವರ್ಷದ ಖಾತೆ ಉತಾರ ಕೇಳಿದರೆ ಪರದೆ ಸತ್ತಂತೆ ನಿಲ್ಲುತ್ತದೆ. ಎಲ್ಲ ಅಂಗಡಿಗಳಲ್ಲೂ ಅಲ್ಲ, ಕೆಲವೆಡೆ ಮಾತ್ರ. ಡೆವಲಪರ್‌ಗಳು ಇಂಡೆಕ್ಸ್ ಹುಡುಕಿದರು, ಹೊಸ ಯಂತ್ರದ ಡಿಸ್ಕ್ ಬೈದರು. ಒಂದೇ ಅಂಗಡಿಯಲ್ಲಿ ಬ್ರಾಡ್‌ಬ್ಯಾಂಡಿನಲ್ಲಿ ಸರಿಯಾಗಿದ್ದದ್ದು ಫೋನಿನ ಹಾಟ್‌ಸ್ಪಾಟಿಗೆ ಬದಲಿಸಿದ ಕೂಡಲೇ ನಿಂತಾಗ ಗುಟ್ಟು ಬಯಲಾಯಿತು.

ವೈರ್‌ಗಾರ್ಡ್ ಸುರಂಗದ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಸಾಮಾನ್ಯವಾಗಿ 1420 ಬೈಟ್. ಅದರ ಸುತ್ತಿಗೆ ಐಪಿವಿ4ರಲ್ಲಿ 60 ಬೈಟ್ ಸೇರಿ 1480. ಕೆಲವು ಮೊಬೈಲ್ ಜಾಲಗಳು ಐಪಿವಿ4 ಪ್ಯಾಕೆಟನ್ನು ಐಪಿವಿ6ಕ್ಕೆ ಪರಿವರ್ತಿಸಿ ಸಾಗಿಸುತ್ತವೆ, ಅಲ್ಲಿ ಇನ್ನೂ 20: ಒಟ್ಟು 1500. ದಾರಿಯ ಅಗಲ ಅದಕ್ಕಿಂತ ಕಡಿಮೆ ಇದ್ದರೆ ತುಂಬಿದ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಲಾಗಿನ್, ಸಣ್ಣ ಪಟ್ಟಿ ಚಿಕ್ಕ ಪ್ಯಾಕೆಟ್‌ಗಳು, ದಾಟುತ್ತವೆ. ವರ್ಷದ ಉತಾರಕ್ಕೆ ತುಂಬಿದ ಪ್ಯಾಕೆಟ್‌ಗಳೇ ಬೇಕು. ಪ್ರತಿ ಅಂಗಡಿಗೂ ಹೋಗಿ ಎಂಟಿಯು ಬದಲಿಸಲು ಸಮಯವಿರಲಿಲ್ಲ. ಗೇಟ್‌ವೇ ಯಂತ್ರದಲ್ಲಿ ಟಿಸಿಪಿ ತುಣುಕಿನ ಗರಿಷ್ಠ ಗಾತ್ರ ಇಳಿಸುವ ಒಂದು ನಿಯಮ ಹಾಕಿದ್ದಕ್ಕೆ ಸಂಜೆಯೊಳಗೆ ಎಲ್ಲ ಅಂಗಡಿಗಳೂ ಸರಿಯಾದವು. ಆಮೇಲೆ ಹೋದ ಹೋದ ಕಡೆ ಅಂಗಡಿಯ ಬದಿಯಲ್ಲೂ ಎಂಟಿಯು 1280 ಹಾಕಿದರು. ಹಳೆಯ ಸರ್ವರಿನ ಬಾಗಿಲು ಮತ್ತೆ ತೆರೆಯಲೇ ಎಂಬ ಪ್ರಶ್ನೆ ಆ ಬುಧವಾರ ಎರಡು ಸಲ ಎದ್ದಿತ್ತು. ಹಳೆಯ ಯಂತ್ರವನ್ನು ಮೊದಲೇ ಬಂದ್ ಮಾಡಿ, ಅದನ್ನು ಎಬ್ಬಿಸುವ ಅಧಿಕಾರ ಮಾಲೀಕರೊಬ್ಬರ ಕೈಯಲ್ಲಿ ಮಾತ್ರ ಇಟ್ಟದ್ದರಿಂದ ತೆರೆಯಲಿಲ್ಲ.

ಆಮೇಲೆ

ಲಾಗ್ ಬದಲಾಯಿತು. ಮೊದಲು ಹೊರಗಿನ ಬಡಿತದ ನಡುವೆ ಏನನ್ನೂ ಹುಡುಕಲಾಗುತ್ತಿರಲಿಲ್ಲ. ಈಗ ಸೋತ ಲಾಗಿನ್ ಎಂದರೆ ಹೆಚ್ಚಿನಂಶ ಯಾವುದೋ ಅಂಗಡಿಯ ಗುಮಾಸ್ತರು ಪಾಸ್‌ವರ್ಡ್ ತಪ್ಪು ಒತ್ತಿದ್ದು, ಯಾವ ಅಂಗಡಿ ಎಂದೂ ಗೊತ್ತು. ಒಂದು ಅಂಗಡಿಯವರು ಹಳೆಯ ಕಂಪ್ಯೂಟರನ್ನು ಹಾಗೇ ಯಾರಿಗೋ ಮಾರಿಬಿಟ್ಟರು. ಗೇಟ್‌ವೇಯಲ್ಲಿ ಆ ಕೀ ಅಳಿಸಿದ್ದೇ ಮುಗಿಯಿತು. ಹಿಂದಿನ ವ್ಯವಸ್ಥೆಯಲ್ಲಿ ಅದಕ್ಕಾಗಿ ಎಲ್ಲ ಅಂಗಡಿಗಳ ಪಾಸ್‌ವರ್ಡ್ ಬದಲಿಸಬೇಕಿತ್ತು, ಅಂದರೆ ಯಾರೂ ಬದಲಿಸುತ್ತಿರಲಿಲ್ಲ.

ಖಾಸಗಿ ನೆಟ್‌ವರ್ಕ್ ಕಾಯದ ಜಾಗಗಳೂ ಇವೆ, ಅದನ್ನು ಮಾಲೀಕರಿಗೆ ಬರೆದೇ ಕೊಟ್ಟೆ. ಅಂಗಡಿಯ ಕಂಪ್ಯೂಟರಿಗೆ ಮಾಲ್‌ವೇರ್ ಬಂದರೆ ಅದು ಸುರಂಗದ ಈಚೆ ಬದಿಯಲ್ಲೇ ಇರುತ್ತದೆ, ಆ ಅಂಗಡಿಯ ಲೆಕ್ಕ ಅದಕ್ಕೆ ಸಿಗುತ್ತದೆ. ಬ್ಯಾಕಪ್ ಫೈಲ್ ಇರುವ ಬಕೆಟ್ (ಎಸ್3ಯ ಸಂಗ್ರಹ) ಎಲ್ಲರಿಗೂ ತೆರೆದಿದ್ದರೆ ಸಬ್‌ನೆಟ್ ಎಷ್ಟು ಖಾಸಗಿಯಾಗಿದ್ದರೂ ಉಪಯೋಗವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದಿದ್ದಕ್ಕೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಆ ಅಂಕಿ ಕೇಳಿ ಮಾಲೀಕರು ನಕ್ಕರು, ಆದರೆ ಬಕೆಟ್ಟಿನ ಅನುಮತಿಗಳನ್ನು ಅವತ್ತೇ ನೋಡಿಸಿದರು.

ಎಪಿಐ ಅರ್ಧ ಬರೆದಾಗಿದೆ. ಪಟ್ಟಿ ಹಾಕುವ ಪರದೆ ಅದರ ಮೇಲೆ ನಡೆಯುತ್ತಿದೆ, ಕೋಲ್ಡ್ ಸ್ಟೋರೇಜಿನ ಬಾಡಿಗೆ ಲೆಕ್ಕ ಇನ್ನೂ ನೇರವಾಗಿ ಡೇಟಾಬೇಸಿಗೆ ಹೋಗುತ್ತಿದೆ. ಗೇಟ್‌ವೇ ಒಂದೇ ಯಂತ್ರ. ಗುರುವಾರ ಬೆಳಿಗ್ಗೆ ಅದು ನಿಂತರೆ ಎಲ್ಲ ಅಂಗಡಿಗಳೂ ನಿಲ್ಲುತ್ತವೆ. ಇನ್ನೊಂದು ವಲಯದಲ್ಲಿ ಎರಡನೆಯದು ಇಡೋಣ ಎಂಬ ಮಾತು ಖರ್ಚಿನ ಹಾಳೆಯ ಮುಂದೆ ನಿಂತಿದೆ. ಮಾಲೀಕರ ಉತ್ತರ ಸದ್ಯಕ್ಕೆ ಇಷ್ಟು: “ಈ ಸೀಸನ್ ಆಗಲಿ ನೋಡೋಣ್ರಿ.”